ಗೊರಗುಂಟೆಪಾಳ್ಯದ ಟ್ಯೂನು

ವಿದ್ಯಾರಣ್ಯಪುರದ ಗಣೇಶನ ಗುಡಿಯಿಂದ ಛತ್ರದ ಕಡೆಗೆ ಮದುವೆಗಂಡಿನ ಮೆರವಣಿಗೆ ಹೊರಟಿತ್ತು. ಹೂವಿನ ಕಾರಿನ ಮುಂದೆ ಕೆಂಪು ಕೋಟಿನ ಬ್ಯಾಂಡ್‌ಸೆಟ್ಟಿನವರು, ಅವರೆಲ್ಲರ ಮುಂದೆ ಕ್ಲಾರಿನೆಟ್ ಹಿಡಿದ ಆನಂದಪ್ಪ. ಯಲಹಂಕ ಹಳೇ ಊರಿನವನು. ವಯಸ್ಸು ಅರವತ್ತು ದಾಟಿದ್ದರೂ ಉಸಿರಿಗೆ ಮಾತ್ರ ಇನ್ನೂ ಮೂವತ್ತೇ. ಹುಬ್ಬಿನಲ್ಲೇ ಡ್ರಮ್ಮಿನವರಿಗೆ ಗತಿ ಹೇಳುತ್ತ, ಎದುರು ಬರುವ ಬಸ್ಸಿಗೆ ಪಕ್ಕಕ್ಕೆ ಸರಿದು ದಾರಿ ಕೊಡುತ್ತ, ನುಡಿಸುವುದನ್ನು ಮಾತ್ರ ಬಿಡದೆ ನಡೆಯುತ್ತಿದ್ದ.

ಹೆಣ್ಣಿನ ಕಡೆಯ ಹುಡುಗಿಯರು ಒಂದಷ್ಟು ಜನ ಬಂದು ಅಡ್ಡ ನಿಂತರು.

“ಅಂಕಲ್, ಆ ಹೊಸಾ ಸಿನಿಮಾದ್ದು ನುಡಿಸಿ. ಎಲ್ರೂ ರೀಲ್ಸ್ ಮಾಡ್ತಿದಾರಲ್ಲ, ಅದು,” ಎಂದಳು ಒಬ್ಬಳು.

“ಯಾವ್ದಮ್ಮ?”

ಹಾಡಿನ ಮಾತು ಅವಳಿಗೆ ನೆನಪಾಗಲಿಲ್ಲ. ಗುನುಗಿ ತೋರಿಸಿದಳು. ಆನಂದಪ್ಪ ಕ್ಲಾರಿನೆಟ್ಟನ್ನು ತುಟಿಯಿಂದ ತೆಗೆದು, ತಲೆ ವಾಲಿಸಿಕೊಂಡು ಕೇಳಿದ. ಮೊದಲ ಸಾಲಿಗೇ ಗುರುತು ಸಿಕ್ಕಿತು. ಆದರೂ ಪೂರ್ತಿ ಕೇಳಿಸಿಕೊಂಡ. ಡ್ರಮ್ಮಿನವರ ಕಡೆ ತಿರುಗಿ, “ಗೊರಗುಂಟೆಪಾಳ್ಯ” ಎಂದಷ್ಟೇ ಅಂದು ಶುರು ಮಾಡಿದ. ಸಿನಿಮಾದಲ್ಲಿದ್ದುದಕ್ಕಿಂತ ಇದು ಬಹಳ ಚುರುಕಾಗಿತ್ತು. ಹುಡುಗಿಯರಿಗೆ ಕುಣಿಯಲು ಕಾಲು ಸಾಲಲಿಲ್ಲ. ನಗುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ಛತ್ರದ ಬಾಗಿಲವರೆಗೂ ಕುಣಿದರು.

ಊಟದ ಹೊತ್ತಿಗೆ ಆನಂದಪ್ಪ ಆ ಹುಡುಗಿಯನ್ನು ಹುಡುಕಿಕೊಂಡು ಬಂದು, ಹಾಡು ಯಾರದ್ದು ಅಂತ ಮೊಬೈಲಿನಲ್ಲಿ ತೋರಿಸಲು ಕೇಳಿದ. ಹುಡುಗಿಯ ಪಕ್ಕದಲ್ಲಿ ಮದುಮಗಳ ಸ್ನೇಹಿತೆ ರುಮಾನಾ ಕೂತಿದ್ದಳು. ಹಾಡಿನ ಕೆಳಗೆ ಬರೆದಿರುವ ಇಂಥ ಹೆಸರುಗಳನ್ನು ಓದುವುದೇ ಅವಳ ಕಸುಬು. ಮೊದಲು ಒಂದು ಆಡಿಯೋ ಕಂಪನಿಯಲ್ಲಿ ಹಕ್ಕುಗಳ ವಿಭಾಗ ನೋಡಿಕೊಳ್ಳುತ್ತಿದ್ದವಳು, ಈಗ ಆರ್‌ಟಿ ನಗರದಲ್ಲಿ ತನ್ನದೇ ಸಣ್ಣ ಆಫೀಸು ಇಟ್ಟು, ಹಾಡು ಬರೆಯುವವರ, ರಾಗ ಹಾಕುವವರ ಕೃತಿಗಳನ್ನು ಅವರವರ ಹೆಸರಿಗೆ ದಾಖಲು ಮಾಡಿಸಿಕೊಡುತ್ತಿದ್ದಳು.

“ಸಂಗೀತ ತೇಜಸ್ವಿನಿ,” ಎಂದು ಓದಿದಳು. “ಮೂಲ ಧಾಟಿ ಸಾಂಪ್ರದಾಯಿಕ.”

“ಅಂಗಂದ್ರೆ?”

“ಹಿಂದಿನಿಂದ ಬಂದಿದ್ದು, ಯಾರು ಮಾಡಿದ್ದು ಅಂತ ಗೊತ್ತಿಲ್ಲ ಅಂತ.”

“ಗೊತ್ತಿಲ್ದಿದ್ರೆ ಕೇಳ್ಬೇಕಾಗಿತ್ತು. ಅದು ನಂದು,” ಎಂದ ಆನಂದಪ್ಪ.

ತನ್ನ ಹಾಡು ಕದ್ದರು ಎಂದು ರುಮಾನಾಳ ಹತ್ತಿರ ಬಂದವರು ಬೇಕಾದಷ್ಟು ಜನ. ಸುಳ್ಳು ಹೇಳುವವರು ಉದ್ದನೆಯ ಕಥೆಯ ಜೊತೆ ಬರುತ್ತಾರೆ ಎಂಬುದು ಅವಳ ಅನುಭವ. ಈ ಮನುಷ್ಯ ಕಥೆ ಹೇಳಲಿಲ್ಲ, ದನಿ ಏರಿಸಲಿಲ್ಲ. ಅಷ್ಟು ಹೇಳಿ ತನ್ನ ಎಲೆಗೆ ಹೋಗಿ ಕೂತು, ಇನ್ನೊಂದು ಸಲ ಸಾರು ಹಾಕಿಸಿಕೊಂಡ. ಊಟ ಮುಗಿದ ಮೇಲೆ ರುಮಾನಾ ತಾನೇ ಎದ್ದು ಹೋಗಿ ತನ್ನ ಕಾರ್ಡು ಕೊಟ್ಟಳು.

“ಅಂಕಲ್, ಬಿಡುವು ಮಾಡ್ಕೊಂಡು ಆಫೀಸಿಗೆ ಬನ್ನಿ. ಅದು ನಿಮ್ಮದೇ ಆಗಿದ್ರೆ ಹೆಸರು ಹಾಕಿಸ್ಬೋದು.”

“ಆಗಿದ್ರೆ ಅಂತೇನಿಲ್ಲ. ಬರ್ತೀನಿ.”

ಆ ವಾರವೇ ಬಂದ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಕಂಕುಳಲ್ಲಿ ಕ್ಲಾರಿನೆಟ್ಟಿನ ಪೆಟ್ಟಿಗೆ. ಬೇಕರಿಯ ಮೇಲಿನ ಆ ಪುಟ್ಟ ಕೋಣೆಯನ್ನು ಒಮ್ಮೆ ಸುತ್ತ ನೋಡಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ. ರುಮಾನಾ ಟೀ ತರಿಸಿ, ತನ್ನ ಕೆಲಸ ಏನೆಂದು ವಿವರಿಸಿದಳು.

“ಒಂದು ಹಾಡಲ್ಲಿ ಬೇರೆಬೇರೆಯೋರ ಹಕ್ಕು ಇರುತ್ತೆ ಅಂಕಲ್. ಮಾತು ಬರೆದೋರದ್ದು ಒಂದು, ಟ್ಯೂನ್ ಮಾಡಿದೋರದ್ದು ಒಂದು, ರೆಕಾರ್ಡ್ ಮಾಡಿಸಿದ ಕಂಪನೀದು ಒಂದು. ಆ ಸಿನಿಮಾ ಹಾಡಿನ ಮಾತು ನಿಮ್ದಲ್ಲ, ರೆಕಾರ್ಡಿಂಗೂ ನಿಮ್ದಲ್ಲ. ಟ್ಯೂನ್ ನಿಮ್ದಾದ್ರೆ ಎಫ್‌ಎಂನಲ್ಲಿ, ಹೋಟೆಲ್‌ನಲ್ಲಿ, ಮೊಬೈಲ್‌ನಲ್ಲಿ ಎಲ್ಲಿ ಹಾಕಿದ್ರೂ ಅದರಲ್ಲಿ ನಿಮಗೊಂದು ಪಾಲು ಬರ್ಬೇಕು. ಅದನ್ನೇ ರಾಯಲ್ಟಿ ಅನ್ನೋದು. ವಸೂಲಿ ಮಾಡಿ ಹಂಚೋಕೆ ಅಂತ್ಲೇ ಒಂದು ಸೊಸೈಟಿ ಇದೆ. ಆದ್ರೆ ಅವರಲ್ಲಿ ಯಾರ ಹೆಸರು ದಾಖಲಾಗಿದೆಯೋ ಅವರಿಗೇ ಕೊಡ್ತಾರೆ.”

“ಈಗ ಯಾರ ಎಸ್ರಲ್ಲಿ ಐತೆ?”

“ಯಾರ ಹೆಸರಲ್ಲೂ ಇಲ್ಲ. ಸಾಂಪ್ರದಾಯಿಕ ಅಂತಿದೆ.”

“ಅಂದ್ರೆ ಊರ ಬಾವಿ.”

“ಹೂಂ, ಹಾಗೇ ಅಂದ್ಕೊಳ್ಳಿ.”

“ನಾನು ತೋಡಿದ್ ಬಾವಿ ಕಣಮ್ಮ. ನೀರು ಎಲ್ರೂ ಕುಡೀಲಿ, ಬೇಡ ಅನ್ನಲ್ಲ. ತೋಡ್ದೋನು ಯಾರು ಅಂತ ಗೊತ್ತಿರ್ಬೇಕು.” ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ಎಸ್ರು ಆಕ್ಸಿದ್ರೆ ಬೇರೆ ಬ್ಯಾಂಡ್‌ನೋರು ಅದ್ನ ನುಡಿಸ್ಬಾರ್ದು ಅಂತ ಆಗ್ತದಾ? ಅಂಗಾದ್ರೆ ನಂಗ್ ಬೇಡ.”

“ಇಲ್ಲ. ಮದುವೆ ಮೆರವಣಿಗೇಲಿ ನುಡಿಸೋದಕ್ಕೆ ಕಾನೂನೇ ಬಿಟ್ಟಿದೆ. ಯಾರೂ ಯಾರಿಗೂ ಏನೂ ಕೊಡ್ಬೇಕಾಗಿಲ್ಲ.”

ಆನಂದಪ್ಪನಿಗೆ ಸಮಾಧಾನವಾಯಿತು. ಟ್ಯೂನ್ ಹುಟ್ಟಿದ ಬಗೆಯನ್ನು ಹೇಳಿದ.

ಹಲವು ವರ್ಷಗಳ ಹಿಂದೆ, ನೆಲಮಂಗಲದ ಮದುವೆಗೆಂದು ಬ್ಯಾಂಡಿನ ಮೆಟಡೋರ್ ವ್ಯಾನು ಹೊರಟು ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ತುಮಕೂರು ರಸ್ತೆಯ ಉದ್ದಕ್ಕೂ ಗಾಡಿ. ಪಕ್ಕದಲ್ಲಿ ನಿಂತಿದ್ದ ಲಾರಿಯವನು ತಾಳ್ಮೆ ಕಳೆದುಕೊಂಡು ಮತ್ತೆ ಮತ್ತೆ ಹಾರ್ನ್ ಒತ್ತುತ್ತಿದ್ದ. ನಾಲ್ಕು ಸ್ವರದ ಸಂಗೀತದ ಹಾರ್ನು. ಆನಂದಪ್ಪ ರೇಗಿ, ಕಿಟಕಿಯಿಂದ ಕ್ಲಾರಿನೆಟ್ ಹೊರಗೆ ಹಾಕಿ ಅದೇ ನಾಲ್ಕು ಸ್ವರವನ್ನು ಅವನಿಗೇ ತಿರುಗಿ ಊದಿದ. ಲಾರಿಯವನು ನಕ್ಕು ಮತ್ತೆ ಒತ್ತಿದ. ಆನಂದಪ್ಪ ಈ ಸಲ ಅದಕ್ಕೊಂದು ಬಾಲ ಸೇರಿಸಿದ. ಮತ್ತೊಂದು ಸೇರಿಸಿದ. ಜಾಮ್ ಬಿಡುವಷ್ಟರಲ್ಲಿ ಟ್ಯೂನ್ ಆಗಿತ್ತು. ಸಂಜೆ ನೆಲಮಂಗಲದಲ್ಲಿ ಅದನ್ನೇ ನುಡಿಸಿದರು. ಮದುವೆಗಳಲ್ಲಿ ಕೇಳಿದ ಬೇರೆ ಬ್ಯಾಂಡಿನವರು, ‘ಏನಣ್ಣ ಇದು’ ಅಂತ ಕೇಳಿದರೆ ಇವರು ‘ಗೊರಗುಂಟೆಪಾಳ್ಯ’ ಅನ್ನುತ್ತಿದ್ದರು. ಆ ಹೆಸರೇ ನಿಂತಿತು.

ಹೇಳಿ, ಪೆಟ್ಟಿಗೆ ತೆಗೆದು ನುಡಿಸಿ ತೋರಿಸಿದ. ಕೆಳಗೆ ಬೇಕರಿಯ ಮುಂದೆ ನಿಂತಿದ್ದವರು ತಲೆ ಎತ್ತಿ ನೋಡಿದರು.

ರುಮಾನಾ ಕಿವಿಗೊಟ್ಟು ಕೇಳುತ್ತಿದ್ದಳು. ಟ್ಯೂನಿನ ಮೊದಲ ಭಾಗ ತುಂಟತನದ್ದು, ಸರಸರ ಓಡುವಂಥದ್ದು. ನಡುವಿನಲ್ಲಿ ಅದು ಇದ್ದಕ್ಕಿದ್ದಂತೆ ಮೇಲಕ್ಕೆ ಏರಿ, ಉದ್ದವಾಗಿ ಉಸಿರೆಳೆದು ನಿಲ್ಲುತ್ತಿತ್ತು. ಈ ಎರಡನ್ನೂ ಒಂದೇ ಕೈ ಮಾಡಿದಂತೆ ಅವಳಿಗೆ ಕಾಣಲಿಲ್ಲ.

“ಅಂಕಲ್, ಪೂರ್ತಿ ನೀವೊಬ್ರೇ ಮಾಡಿದ್ದಾ?”

ಆನಂದಪ್ಪ ಕ್ಲಾರಿನೆಟ್ಟನ್ನು ಒರೆಸತೊಡಗಿದ. ಒರೆಸಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ.

“ಮೇಲಕ್ಕೆ ಓಗ್ತದಲ್ಲ, ಅಲ್ಲಿಂದ ಆಚೆ ತಾಜು ಮಾಡಿದ್ದು. ತಾಜುದ್ದೀನು. ನಮ್ ಟ್ರಂಪೆಟ್ಟು. ಮೆಟಡೋರ್‌ನಾಗೆ ಇಂದ್ಗಡೆ ಸೀಟಲ್ಲಿ ಕೂತಿದ್ದ. ನಾನು ನಿಲ್ಸಿದ್ ಕಡೆಯಿಂದ ಎತ್ಕೊಂಡ.”

“ಈಗ ಎಲ್ಲಿದಾರೆ?”

“ಮತ್ತಿಕೆರೇಲಿ ಅಂಗಡಿ ಇಟ್ಟವ್ನೆ. ನಾವು ಮಾತಾಡಲ್ಲ.”

ಜಗಳವಾದದ್ದು ಇದೇ ಟ್ಯೂನಿಗೆ. ಅದು ನಿಧಾನಕ್ಕೆ ನುಡಿಸಬೇಕಾದ್ದು, ಮದುವೆಗಂಡು ಕಾರಿನಿಂದ ಇಳಿದು ನಡೆಯುವ ನಡಿಗೆಗೆ ಹೊಂದಬೇಕು ಎಂಬುದು ತಾಜುದ್ದೀನನ ವಾದ. ಜನ ಕುಣಿಯದಿದ್ದರೆ ಬ್ಯಾಂಡ್ ಯಾಕೆ ಎಂಬುದು ಆನಂದಪ್ಪನದು. ಪ್ರತಿ ಮದುವೆಯಲ್ಲೂ ಇದೇ ತಕರಾರು. ಕೊನೆಗೆ ಮತ್ತಿಕೆರೆಯ ಒಂದು ಮೆರವಣಿಗೆಯಲ್ಲಿ ಕ್ಲಾರಿನೆಟ್ ಒಂದು ಗತಿಯಲ್ಲಿ, ಟ್ರಂಪೆಟ್ ಇನ್ನೊಂದು ಗತಿಯಲ್ಲಿ ಹೊರಟು, ನಡುವೆ ಡ್ರಮ್ಮಿನವರು ಯಾರ ಮಾತು ಕೇಳುವುದೆಂದು ತಿಳಿಯದೆ ಬಾರಿಸುವುದನ್ನೇ ನಿಲ್ಲಿಸಿದರು. ತಾಜುದ್ದೀನ್ ಅಲ್ಲೇ ರಸ್ತೆಯಲ್ಲಿ ಟ್ರಂಪೆಟ್ಟನ್ನು ಪೆಟ್ಟಿಗೆಗೆ ಹಾಕಿ, ಆಟೋ ಹತ್ತಿ ಹೋಗಿಬಿಟ್ಟ. ಮತ್ತೆ ಬರಲಿಲ್ಲ.

“ಅವ್ನ ಎಸ್ರೂ ಆಕ್ಲೇಬೇಕಾ?” ಎಂದು ಕೇಳಿದ ಆನಂದಪ್ಪ.

“ಅವರು ಮಾಡಿದ್ರೋ ಇಲ್ವೋ?”

“ಮಾಡ್ದ.”

“ಹಾಗಾದ್ರೆ ಹಾಕ್ಲೇಬೇಕು. ಇಬ್ರೂ ಸೇರಿ ಮಾಡಿದ್ದು ಅಂದ್ಮೇಲೆ ಇಬ್ರ ಪಾಲೂ ಬರೀಬೇಕು, ಅವರೂ ಸಹಿ ಹಾಕ್ಬೇಕು.”

“ಆಕು ಮತ್ತೆ. ನಾನೇನು ಬೇಡ ಅಂದ್ನಾ,” ಎಂದು ಆನಂದಪ್ಪ ಎದ್ದು ನಿಂತ. “ನಡಿ ಓಗಣ.”

ಮತ್ತಿಕೆರೆಯ ಕಾಲೇಜಿನ ಹಿಂದಿನ ಬೀದಿಯಲ್ಲಿ ತಾಜುದ್ದೀನನ ಅಂಗಡಿ. ರೂಮು ಹಿಡಿಯುವ ವಿದ್ಯಾರ್ಥಿಗಳಿಗೆ ಮಂಚ, ಹಾಸಿಗೆ, ಮೇಜು ಬಾಡಿಗೆಗೆ ಕೊಡುತ್ತಿದ್ದ. ಓದು ಮುಗಿಸಿ ಹೋಗುವವರು ಬಿಟ್ಟದ್ದನ್ನು ಕೊಳ್ಳುತ್ತಿದ್ದ. ಫುಟ್‌ಪಾತಿನವರೆಗೂ ಕುರ್ಚಿಗಳು ಒಂದರ ಮೇಲೊಂದು ನಿಂತಿದ್ದವು. ಗಲ್ಲಾ ಹತ್ತಿರ ಅವನ ಹೆಂಡತಿ ಸಬೀರಾ ಕೂತಿದ್ದಳು. ಆನಂದಪ್ಪನನ್ನು ಮೊದಲು ನೋಡಿದವಳು ಅವಳೇ. ಒಳಗೆ ತಿರುಗಿ, “ಏಜೀ, ಯಲಹಂಕದಿಂದ ಅಣ್ಣ ಬಂದಿದಾರೆ,” ಎಂದಳು.

ತಾಜುದ್ದೀನ್ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಹೊರಗೆ ಬಂದ. ಎತ್ತರದ ಆಳು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

“ಕೇಳಿದ್ಯಾ?” ಎಂದ ಆನಂದಪ್ಪ.

“ಕೇಳ್ದೆ. ಬಾಡಿಗೆ ಮಂಚ ಹಾಕೋಕೆ ಯಾವ ರೂಮಿಗೆ ಹೋದ್ರೂ ಅದೇ ಹಾಕಿರ್ತಾರೆ.” ತಾಜುದ್ದೀನ್ ಒಂದು ಕುರ್ಚಿ ಎಳೆದು ಆನಂದಪ್ಪನ ಕಡೆ ತಳ್ಳಿದ. “ಎಷ್ಟು ನಿಧಾನಕ್ಕೆ ಮಾಡಿದಾಳೆ ಆ ಹುಡುಗಿ, ಕೇಳಿಸ್ತಾ ನಿಂಗೆ?”

“ಕೇಳಿಸ್ತು.”

“ಇಡೀ ರಾಜ್ಯ ಕೇಳ್ತಿದೆ ಆನಂದಣ್ಣ. ನಿಧಾನದ್ದನ್ನೇ ಕೇಳ್ತಿದೆ.”

“ಮೊನ್ನೆ ಇದ್ಯಾರಣ್ಯಪುರದಾಗೆ ನಾನು ಜೋರಾಗೇ ನುಡ್ಸಿದ್ದು. ಉಡುಗೀರು ಕುಣಿದು ಕುಣಿದು ಸುಸ್ತಾದ್ರು.”

“ಕುಣಿಯೋಕೆ ಬೇರೆ ಟ್ಯೂನ್ ಇಲ್ವಾ?”

ಇವರು ಬಿಟ್ಟ ಜಗಳವನ್ನು ಬಿಟ್ಟ ಜಾಗದಿಂದಲೇ ಎತ್ತಿಕೊಂಡದ್ದು ನೋಡಿ ರುಮಾನಾಗೆ ನಗು ಬಂತು. ಸಬೀರಾ ಅವಳಿಗೂ ಕುರ್ಚಿ ಕೊಟ್ಟು ಟೀ ತರಿಸಿದಳು. ರುಮಾನಾ ಬಂದ ಕೆಲಸವನ್ನು ತಾಜುದ್ದೀನನಿಗೆ ವಿವರಿಸಿದಳು.

ಅವನು ಪೂರ್ತಿ ಕೇಳಿ ತಲೆ ಅಲ್ಲಾಡಿಸಿದ. “ಮೊದಲಿನ ನಾಲ್ಕು ಸ್ವರ ನಮ್ದಲ್ಲ ಬೇಟಾ. ಲಾರೀದು. ಅದನ್ನ ನಮ್ದು ಅಂತ ಬರೆದ್ರೆ ಸುಳ್ಳಾಗುತ್ತೆ.”

“ನಾಲ್ಕು ಸ್ವರ ಯಾರದ್ದೂ ಅಲ್ಲ ಚಾಚಾ. ಅದರಿಂದ ನೀವಿಬ್ರೂ ಏನು ಕಟ್ಟಿದ್ರಿ, ಅದು ನಿಮ್ದು. ಅಷ್ಟನ್ನೇ ಬರೆಯೋದು.”

“ಸರಿ. ನಂದೊಂದು ಷರತ್ತಿದೆ. ನಿಧಾನಕ್ಕೆ ನುಡಿಸ್ಬೇಕಾದ ಟ್ಯೂನ್ ಅಂತಾನೂ ಬರೀಬೇಕು.”

“ಅಂಗೆ ಬರೆದ್ರೆ ನಾನ್ ಸಹಿ ಆಕಲ್ಲ,” ಎಂದ ಆನಂದಪ್ಪ.

ಇಬ್ಬರೂ ರುಮಾನಾಳ ಮುಖ ನೋಡಿದರು. ಅವಳು ಟೀ ಲೋಟ ಕೆಳಗಿಟ್ಟಳು.

“ಗತಿ ಬರೆಯೋಕೆ ಅಲ್ಲಿ ಜಾಗಾನೇ ಇಲ್ಲ. ಕೃತಿ ಹೆಸರು, ಮಾಡಿದೋರ ಹೆಸರು, ಯಾರ ಪಾಲು ಎಷ್ಟು, ಇಷ್ಟೇ. ಜೊತೆಗೆ ನೀವಿಬ್ರೂ ನುಡಿಸಿರೋ ರೆಕಾರ್ಡಿಂಗ್ ಒಂದು ನನಗೆ ಬೇಕು. ಹೇಗೆ ನುಡಿಸ್ತೀರೋ ನಿಮಗೆ ಬಿಟ್ಟಿದ್ದು. ಆದ್ರೆ ಒಟ್ಟಿಗೆ ನುಡಿಸ್ಬೇಕು.”

ತಾಜುದ್ದೀನ್ ಅಂಗಡಿಯ ಒಳಗೆ ನೋಡಿದ. ಅಟ್ಟದ ಮೇಲಿನ ಟ್ರಂಪೆಟ್ಟಿಗೆ ತುಟಿ ತಾಗಿಸಿ ಎಷ್ಟೋ ಕಾಲವಾಗಿತ್ತು. “ತುಟಿ ಕೂರಬೇಕು. ಸ್ವಲ್ಪ ದಿನ ಕೊಡಿ,” ಎಂದ. ಪಾಲು ಎಷ್ಟೆಷ್ಟು ಎಂದು ಕೇಳಿದ್ದಕ್ಕೆ ಮಾತ್ರ ಇಬ್ಬರೂ ಒಂದೇ ಉಸಿರಿಗೆ, ಸಮ ಸಮ, ಎಂದರು. ಅವರು ಒಪ್ಪಿಕೊಂಡ ಸಂಗತಿ ಅದೊಂದೇ.

ರುಮಾನಾ ಮರುದಿನ ಸಿನಿಮಾದ ಸಂಗೀತ ನಿರ್ದೇಶಕಿ ತೇಜಸ್ವಿನಿಗೆ ಫೋನು ಮಾಡಿದಳು. ಆಡಿಯೋ ಕಂಪನಿಗೂ ಪತ್ರ ಬರೆದಳು. ಕಂಪನಿಯ ಮ್ಯಾನೇಜರ್ ಶೇಖರಪ್ಪನ ಉತ್ತರ ಬೇಗನೆ ಬಂತು: ಸಾಕ್ಷಿ ಇದ್ದರೆ ತನ್ನಿ.

ಸಾಕ್ಷಿಯನ್ನು ಹುಡುಕಿಕೊಂಡು ಅವಳು ಯಶವಂತಪುರಕ್ಕೆ ಹೋದಳು. ಮಾರುಕಟ್ಟೆಯ ಪಕ್ಕದ ಬೀದಿಯಲ್ಲಿ ರಾಮಕೃಷ್ಣಪ್ಪ ಎಂಬುವನು ಬ್ಯಾಂಡ್ ನಡೆಸುತ್ತಿದ್ದ. ಆನಂದಪ್ಪನಿಗೂ ಅವನಿಗೂ ಸೀಸನ್ನಿನಲ್ಲಿ ಪೈಪೋಟಿ, ಮುಖಾಮುಖಿ ಮಾತು ಕಡಿಮೆ. ರುಮಾನಾ ಬೇಕೆಂದೇ ಅವನನ್ನು ಆರಿಸಿಕೊಂಡಿದ್ದಳು. ಯಾರ ಹೆಸರೂ ಹೇಳದೆ, ಸಿನಿಮಾ ಹಾಡಿನ ಧಾಟಿಯನ್ನು ಮೊಬೈಲಿನಲ್ಲಿ ಹಾಕಿ, ಇದನ್ನು ನಿಮ್ಮಲ್ಲಿ ಏನಂತೀರಿ ಎಂದು ಕೇಳಿದಳು.

“ಗೊರಗುಂಟೆಪಾಳ್ಯ,” ಎಂದ ರಾಮಕೃಷ್ಣಪ್ಪ. “ಯಾಕಮ್ಮ?”

“ಎಲ್ಲಿ ಕಲಿತ್ರಿ ಇದನ್ನ?”

“ಕಲಿಯೋದೇನು, ಯಲಹಂಕದೋರು ನುಡಿಸೋದು ಕೇಳಿ ಹಿಡ್ಕೊಂಡ್ವಿ. ಆನಂದಪ್ಪ, ತಾಜುದ್ದೀನು. ಅವರ ಮೆಟಡೋರ್ ಅಲ್ಲಿ ಜಾಮಲ್ಲಿ ಸಿಕ್ಕಾಕ್ಕೊಂಡಿದ್ದಾಗ ಮಾಡಿದ್ದಂತೆ. ಎಲ್ಲಾ ಬ್ಯಾಂಡ್‌ನೋರಿಗೂ ಗೊತ್ತು.” ಅವನು ಮೊಬೈಲನ್ನು ಅವಳ ಕಡೆ ಸರಿಸಿದ. “ನಂಗೂ ಆನಂದಪ್ಪಂಗೂ ಆಗ್ಬರಲ್ಲ. ಅದು ಬೇರೆ ಮಾತು. ಟ್ಯೂನ್ ಅವರದ್ದೇ. ಎಲ್ಲಿ ಬೇಕಾದ್ರೂ ಹೇಳ್ತೀನಿ.”

ಇದನ್ನೇ ಅವನು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿದ. ತನ್ನ ಬ್ಯಾಂಡಿನವರಿಂದಲೂ ಹಾಕಿಸಿದ.

ತೇಜಸ್ವಿನಿಯ ಸ್ಟುಡಿಯೋ ಹೆಬ್ಬಾಳದ ಕೆರೆಯ ಕಡೆಗೆ ಮುಖ ಮಾಡಿದ ಒಂದು ಕಟ್ಟಡದಲ್ಲಿತ್ತು. ರುಮಾನಾ, ಆನಂದಪ್ಪ, ತಾಜುದ್ದೀನ್ ಒಂದು ಬೆಳಿಗ್ಗೆ ಅಲ್ಲಿಗೆ ಹೋದರು. ತೇಜಸ್ವಿನಿಗೆ ಮೂವತ್ತರ ಆಸುಪಾಸು. ಕೂದಲನ್ನು ಪೆನ್ಸಿಲ್ ಸಿಕ್ಕಿಸಿ ಮೇಲೆ ಕಟ್ಟಿದ್ದಳು. ಇದು ಅವಳ ಮೊದಲ ದೊಡ್ಡ ಹಾಡು. ಬಂದವರನ್ನು ಗೌರವದಿಂದಲೇ ಕೂರಿಸಿದಳು, ಆದರೆ ಮುಖ ಬಿಗಿಯಾಗಿತ್ತು. ಶೇಖರಪ್ಪ ಅವಳ ಪಕ್ಕದಲ್ಲಿ ಫೈಲು ಹಿಡಿದು ಕೂತಿದ್ದ.

“ನಾನು ವಿದ್ಯಾರಣ್ಯಪುರದೋಳು,” ಎಂದಳು ತೇಜಸ್ವಿನಿ. “ಚಿಕ್ಕೋಳಿದ್ದಾಗ ನಮ್ಮ ಮನೆ ಮುಂದೆ ಹೋಗೋ ಮೆರವಣಿಗೆಗಳಲ್ಲಿ ಈ ಧಾಟಿ ಕೇಳಿದ್ದೆ. ಎಷ್ಟು ಬ್ಯಾಂಡ್ ಬಂದ್ರೂ ಇದೇ ನುಡಿಸೋರು. ಹಿಂದಿನಿಂದ ಬಂದಿದ್ದು ಅಂತಲೇ ತಿಳ್ಕೊಂಡಿದ್ದೆ. ನಂದು ಅಂತ ಬರ್ಕೋಬೋದಿತ್ತು, ಯಾರೂ ಕೇಳ್ತಿರ್ಲಿಲ್ಲ. ಬರ್ಕೊಂಡಿಲ್ಲ.”

“ಅದು ನಿಮ್ಮ ದೊಡ್ಡತನ,” ಎಂದಳು ರುಮಾನಾ. “ಹಾಗಾಗಿಯೇ ನೇರವಾಗಿ ನಿಮ್ಮ ಹತ್ರ ಬಂದಿದ್ದು.”

ಶೇಖರಪ್ಪ ಫೈಲು ತೆರೆದ. “ನೋಡಿ, ಊರಲ್ಲಿರೋ ಬ್ಯಾಂಡ್‌ಗಳೆಲ್ಲ ನುಡಿಸ್ತಾವೆ ಅಂದ್ರೆ ಅದು ನೂರು ವರ್ಷದ್ದಿರ್ಬೇಕು. ಇವತ್ತು ಇವರು ಬಂದು ನಮ್ದು ಅಂತಾರೆ. ನಾಳೆ ಇನ್ನೊಬ್ರು ಬರ್ತಾರೆ. ಎಷ್ಟು ಜನಕ್ಕೆ ಅಂತ ನಾವು ಉತ್ತರ ಕೊಡೋದು?”

ರುಮಾನಾ, ರಾಮಕೃಷ್ಣಪ್ಪ ಬರೆದುಕೊಟ್ಟ ಕಾಗದವನ್ನು ಶೇಖರಪ್ಪನ ಮುಂದಿಟ್ಟಳು. “ನಾಳೆ ಬರಬೇಕಾದೋರು ಇದನ್ನ ಬರೆದೋರೇ ಸರ್. ಇದೇ ಕಸುಬಿನೋರು, ಪೈಪೋಟಿಯೋರು. ಅವರೇ ಟ್ಯೂನ್ ಇವರಿಬ್ಬರದ್ದು ಅಂತ ಬರೆದುಕೊಟ್ಟಿದಾರೆ. ಇನ್ನು ನೂರು ವರ್ಷದ ಮಾತು. ಅಂಕಲ್, ಮೊದಲಿನ ನಾಲ್ಕು ಸ್ವರ ಮಾತ್ರ ನುಡಿಸಿ.”

ಆನಂದಪ್ಪ ನುಡಿಸಿದ. ಹಾಡಿನಂತೆ ಎಳೆಯದೆ, ಲಾರಿಯವನು ಒತ್ತಿದ್ದಂತೆ ಒರಟಾಗಿ, ಒಂದೇ ಸಮನೆ.

ಶೇಖರಪ್ಪನ ಕೈ ಫೈಲಿನ ಮೇಲೆ ನಿಂತಿತು. “ಇನ್ನೊಂದ್ಸಲ,” ಎಂದ. ಮತ್ತೆ ಕೇಳಿದ ಮೇಲೆ ಅವನ ಮುಖದಲ್ಲಿ ನಗು ಹರಡಿತು. “ಇದು ಲಾರಿ ಹಾರ್ನ್. ನಮ್ಮಪ್ಪನ ಲಾರೀಲಿ ಇದೇ ಇತ್ತು. ಇದನ್ನ ಕೇಳಿದ್ರೆ ಅಪ್ಪ ಬಂದ್ರು ಅಂತ ನಾವೆಲ್ಲ ಬೀದಿಗೆ ಓಡಿ ಬರ್ತಿದ್ವಿ.”

“ನೂರು ವರ್ಷದ ಹಿಂದೆ ಲಾರಿಗೆ ಈ ಹಾರ್ನ್ ಇರ್ಲಿಲ್ಲ ಅಲ್ವಾ ಸರ್?” ಎಂದ ತಾಜುದ್ದೀನ್, ಮೆಲ್ಲಗೆ.

ಶೇಖರಪ್ಪ ಫೈಲು ಮುಚ್ಚಿದ. ತೇಜಸ್ವಿನಿ ಅಷ್ಟರಲ್ಲಿ ಎದ್ದು ಮೈಕುಗಳನ್ನು ಸರಿ ಮಾಡತೊಡಗಿದ್ದಳು.

“ಪೂರ್ತಿ ನುಡಿಸಿ,” ಎಂದಳು. “ಇಬ್ರೂ ಒಟ್ಟಿಗೆ. ನಂಗೆ ಕೇಳ್ಬೇಕು.”

ಗಾಜಿನ ಕೋಣೆಯೊಳಗೆ ಇಬ್ಬರೂ ನಿಂತರು. ತಾಜುದ್ದೀನ್ ದಿನವೂ ಅಂಗಡಿಯ ಹಿಂದೆ ಹಾಸಿಗೆಗಳ ನಡುವೆ ಅಭ್ಯಾಸ ಮಾಡಿ ತುಟಿ ಕೂರಿಸಿಕೊಂಡಿದ್ದ. ಆದರೂ ಮೊದಲ ಸಲ ಟ್ರಂಪೆಟ್ಟಿನಿಂದ ಗಾಳಿಯೇ ಹೆಚ್ಚು ಬಂತು. ಆನಂದಪ್ಪ ನೀರಿನ ಬಾಟಲಿ ಮುಂದೆ ಹಿಡಿದ. ತಾಜುದ್ದೀನ್ ಕುಡಿದು, ತುಟಿ ಒರೆಸಿಕೊಂಡು, ತಲೆಯಾಡಿಸಿದ. ಶುರು ಮಾಡಬೇಕಾದವನು ಆನಂದಪ್ಪ. ಗತಿ ಅವನ ಕೈಯಲ್ಲಿತ್ತು.

ಅವನು ನಿಧಾನಕ್ಕೆ ಎತ್ತಿಕೊಂಡ.

ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಕೇಳಿದ್ದಕ್ಕೆ, ತಾಜುವಿನ ತುಟಿ ಇನ್ನೂ ಕೂತಿರಲಿಲ್ಲವಲ್ಲ, ಓಡಿಸಿದರೆ ಬಿದ್ದುಬಿಡುತ್ತಿದ್ದ, ಎಂದುಬಿಟ್ಟ. ಆ ಹೊತ್ತಿಗೆ ಮಾತ್ರ ಅವನ ಕಣ್ಣು ಮುಚ್ಚಿತ್ತು. ನಾಲ್ಕು ಸ್ವರ, ಅದರ ಬಾಲ, ಅದರ ತಿರುವು, ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಅವನು ನಿಲ್ಲಿಸಿದಲ್ಲಿಂದ ಟ್ರಂಪೆಟ್ ಮೇಲಕ್ಕೆ ಹೊರಟಿತು. ಈ ಸಲ ಗಾಳಿಯಿಲ್ಲ, ತುಂಬಿದ ದನಿ. ಏರಿ, ಉಸಿರೆಳೆದು, ಅಲ್ಲೇ ನಿಂತು, ಮತ್ತೆ ಕ್ಲಾರಿನೆಟ್ಟಿನ ಕೈಗೆ ಇಳಿದು ಬಂತು. ತೇಜಸ್ವಿನಿ ಗಾಜಿನ ಈಚೆ ನಿಂತು ಕೇಳುತ್ತ, ತನಗೆ ಗೊತ್ತಿಲ್ಲದೆಯೇ ಕೂದಲಿನ ಪೆನ್ಸಿಲ್ ತೆಗೆದು ಕೈಯಲ್ಲಿ ಹಿಡಿದಿದ್ದಳು. ಮುಗಿದ ಮೇಲೆ ಆನಂದಪ್ಪ ಅದನ್ನೇ ಚುರುಕು ಗತಿಯಲ್ಲಿ ಮತ್ತೆ ಎತ್ತಿಕೊಂಡ. ತಾಜುದ್ದೀನ್ ಹುಬ್ಬು ಗಂಟಿಕ್ಕಿದ, ಆದರೆ ಬಿಡಲಿಲ್ಲ, ಹಿಂದೆಯೇ ಓಡಿದ. ಶೇಖರಪ್ಪನ ಕಾಲು ನೆಲಕ್ಕೆ ತಾಳ ಹಾಕುತ್ತಿತ್ತು.

ಹೊರಗೆ ಬಂದು ಕೂತ ಮೇಲೆ ಆನಂದಪ್ಪ, “ನಿಧಾನಕ್ಕೂ ಚೆನ್ನಾಗೈತೆ,” ಎಂದ. ಅದಕ್ಕಿಂತ ಹೆಚ್ಚು ಅವನು ಸೋಲುವವನಲ್ಲವೆಂದು ತಾಜುದ್ದೀನನಿಗೆ ಗೊತ್ತಿತ್ತು.

“ಮೂಲ ಧಾಟಿ ಇವರಿಬ್ಬರದ್ದು ಅಂತ ನಾನೇ ಬರೆದುಕೊಡ್ತೀನಿ,” ಎಂದಳು ತೇಜಸ್ವಿನಿ. “ಹಾಡಿನಲ್ಲಿ ನಾನು ಹೊಸದಾಗಿ ಸೇರಿಸಿರೋದೂ ಇದೆ. ಅದು ನನ್ನ ಹೆಸರಲ್ಲೇ ಇರ್ಬೇಕು.”

“ಇರ್ಬೇಕು. ನಡುವೆ ಪಿಟೀಲು ಬರುತ್ತಲ್ಲ, ಅದು ನಮ್ಗೆ ಹೊಳೀತಿರ್ಲಿಲ್ಲ,” ಎಂದ ತಾಜುದ್ದೀನ್. ಅದು ಮೆಚ್ಚಿಸಲು ಹೇಳಿದ ಮಾತಲ್ಲ. ತೇಜಸ್ವಿನಿಯ ಮುಖದ ಬಿಗಿ ಅಲ್ಲಿಗೆ ಸಡಿಲವಾಯಿತು.

ಇನ್ನು ಕಂಪನಿಯ ಮಾತು. ಶೇಖರಪ್ಪ ಒಳ್ಳೆಯ ಮನುಷ್ಯನೇ, ಆದರೆ ಕಂಪನಿಯ ಕೆಲಸಕ್ಕೆ ಬಂದವನು. ಒಂದು ಒಪ್ಪಂದ ತೆಗೆದು ಮೇಜಿನ ಮೇಲಿಟ್ಟ. ಇಬ್ಬರಿಗೂ ಒಂದೇ ಸಲ ಒಂದು ಗೌರವಧನ. ಅದನ್ನು ಪಡೆದು ಟ್ಯೂನಿನ ಎಲ್ಲ ಹಕ್ಕು, ಮುಂದಿನ ರಾಯಲ್ಟಿ ಸಹಿತ, ಕಂಪನಿಗೆ ಬಿಟ್ಟುಕೊಡುವುದು.

“ಸುಲಭ ಅಲ್ವಾ? ಒಂದೇ ಸಹಿ, ಮುಗೀತು,” ಎಂದ.

ಆನಂದಪ್ಪ ರುಮಾನಾಳ ಕಡೆ ನೋಡಿದ. ಅವಳು ಒಪ್ಪಂದವನ್ನು ಓದಿ, ಒಂದು ಸಾಲಿನ ಕೆಳಗೆ ಬೆರಳಿಟ್ಟಳು.

“ಹಾಡನ್ನ ಬಳಸಿಕೊಳ್ಳೋ ಹಕ್ಕು ನಿಮಗೆ ಕೊಡ್ತಾರೆ ಸರ್, ಅದಕ್ಕೆ ಒಪ್ಪಂದ ಬೇರೆ ಮಾಡೋಣ. ಈ ಸಾಲು ಮಾತ್ರ ಆಗಲ್ಲ. ಸಿನಿಮಾ ಹಾಡಿಗೆ ಟ್ಯೂನ್ ಕೊಟ್ಟೋರು ತಮ್ಮ ರಾಯಲ್ಟಿ ಪಾಲನ್ನ ಕಂಪನಿಗೆ ಬಿಟ್ಟುಕೊಡೋ ಹಾಗೇ ಇಲ್ಲ. ಅವರಾಗೇ ಬಯಸಿ ಸಹಿ ಹಾಕಿದ್ರೂ ಕಾನೂನು ಒಪ್ಪಲ್ಲ. ವಾರಸುದಾರರಿಗೆ ಕೊಡಬೋದು, ಸೊಸೈಟಿಗೆ ಕೊಡಬೋದು. ಇನ್ಯಾರಿಗೂ ಇಲ್ಲ. ನಿಮಗೂ ಇದು ಗೊತ್ತಿದೆ.”

ದನಿಯಲ್ಲಿ ಏರಿಳಿತವಿರಲಿಲ್ಲ. ಶೇಖರಪ್ಪ ಒಪ್ಪಂದವನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ. “ಕೇಳಿ ನೋಡ್ದೆ ಅಷ್ಟೆ ಮೇಡಂ,” ಎಂದ.

“ಕೇಳೋದು ನಿಮ್ಮ ಕೆಲಸ. ಇಲ್ಲ ಅನ್ನೋದು ನಂದು,” ಎಂದು ನಕ್ಕಳು ರುಮಾನಾ. ಎಲ್ಲರೂ ಟೀ ಕುಡಿದು ಎದ್ದರು.

ಆಮೇಲಿನದು ಕಚೇರಿಯ ಕೆಲಸ. ಇಬ್ಬರನ್ನೂ ಸೊಸೈಟಿಗೆ ಸದಸ್ಯರನ್ನಾಗಿ ಮಾಡಿಸಿದಳು. ಆನಂದಪ್ಪನ ಆಧಾರಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಬಗೆಯ ಹೆಸರು; ಅದನ್ನು ಸರಿ ಮಾಡಿಸಲು ಅವನು ಗೊಣಗುತ್ತಲೇ ಬ್ಯಾಂಕಿಗೆ ಅಲೆದ. ಕೃತಿಯ ಹೆಸರಿನ ಜಾಗದಲ್ಲಿ ‘ಗೊರಗುಂಟೆಪಾಳ್ಯ’ ಎಂದು ಬರೆದಾಗ, ಸೊಸೈಟಿಯಿಂದ ಒಬ್ಬರು ಫೋನು ಮಾಡಿ, ಇದು ವಿಳಾಸವೋ ಹೆಸರೋ ಎಂದು ಕೇಳಿದರು. ಹೆಸರೇ, ಎಂದಳು ರುಮಾನಾ. ಎರಡು ಗತಿಯ ರೆಕಾರ್ಡಿಂಗುಗಳನ್ನೂ ಜೊತೆಗಿಟ್ಟಳು.

ದಾಖಲಾತಿ ಆಯಿತು. ಕೆಲವು ವಾರಗಳ ನಂತರ ಮೊಬೈಲಿನಲ್ಲಿ ಹಾಡಿನ ಕೆಳಗಿನ ಸಾಲೂ ಬದಲಾಯಿತು: ಸಂಗೀತ ತೇಜಸ್ವಿನಿ, ಮೂಲ ಧಾಟಿ ಆನಂದಪ್ಪ ಮತ್ತು ತಾಜುದ್ದೀನ್. ರಾಯಲ್ಟಿಯ ಮೊದಲ ಕಂತು ಬಂದಾಗ ಆನಂದಪ್ಪ ಬ್ಯಾಂಡಿನ ಹಳೇ ಡ್ರಮ್ಮುಗಳಿಗೆಲ್ಲ ಹೊಸ ಹೊದಿಕೆ ಹಾಕಿಸಿದ. ತಾಜುದ್ದೀನ್ ಏನು ಮಾಡಿದನೆಂದು ಯಾರಿಗೂ ಹೇಳಲಿಲ್ಲ. ಆದರೆ ಟ್ರಂಪೆಟ್ಟಿಗೆ ಮತ್ತೆ ಹೊಳಪು ಬಂದಿತ್ತು.

ಮಾಘದ ಲಗ್ನಗಳು ಶುರುವಾದಾಗ ಅವನು ಅಂಗಡಿಯನ್ನು ಸಂ‌ಜೆಯ ಹೊತ್ತಿಗೆ ಸಬೀರಾಳಿಗೆ ವಹಿಸಿ ಬ್ಯಾಂಡಿಗೆ ಬರತೊಡಗಿದ. ಇಬ್ಬರೂ ಮಾತಾಡಿಕೊಂಡು ಒಂದು ಕ್ರಮ ಮಾಡಿಕೊಂಡಿದ್ದರು. ಮದುವೆಗಂಡು ಗುಡಿಯಿಂದ ಹೊರಡುವಾಗ ಟ್ಯೂನ್ ತಾಜುದ್ದೀನನ ಗತಿಯಲ್ಲಿ. ಛತ್ರ ಹತ್ತಿರ ಬಂದು ಜನ ಕುಣಿಯಲು ನಿಂತಾಗ ಆನಂದಪ್ಪನ ಗತಿಯಲ್ಲಿ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗಬೇಕು ಎಂಬುದರ ಬಗ್ಗೆ ಮಾತ್ರ ಪ್ರತಿ ಮದುವೆಯಲ್ಲೂ ವಾದವಾಗುತ್ತಿತ್ತು.

ಸಂಜಯನಗರದಲ್ಲಿ ಒಂದು ಮದುವೆ. ಅವತ್ತು ಸಬೀರಾ ಮಗಳು ಸುಮೈರಾಳನ್ನು ಅಂಗಡಿಯಲ್ಲಿ ಕೂರಿಸಿ, ಬಸ್ಸು ಹಿಡಿದು ಬಂದಳು. ಗಂಡ ನುಡಿಸುವುದನ್ನು ಅವಳು ಕೇಳಿದ್ದು ಮನೆಯಲ್ಲಿ, ಅಂಗಡಿಯಲ್ಲಿ ಮಾತ್ರ, ಗೋಡೆಯ ಆಚೆಯಿಂದ, ಒಂದೇ ಸಾಲನ್ನು ಮತ್ತೆ ಮತ್ತೆ. ಪರರ ಮದುವೆಯ ಮೆರವಣಿಗೆಗೆ ಬ್ಯಾಂಡಿನವನ ಹೆಂಡತಿಗೆ ಏನು ಕೆಲಸ ಎಂದು ಎಂದೂ ಹೋಗಿರಲಿಲ್ಲ. ಔಷಧಿ ಅಂಗಡಿಯೊಂದರ ಮೆಟ್ಟಿಲ ಮೇಲೆ ಸೆರಗು ಸರಿ ಮಾಡಿಕೊಂಡು ನಿಂತಳು.

ಮೊದಲು ದೀಪಗಳು ಬಂದವು. ಆಮೇಲೆ ಕೆಂಪು ಕೋಟುಗಳು. ಟ್ಯೂನ್ ನಿಧಾನಕ್ಕೆ ನಡೆದು ಬರುತ್ತಿತ್ತು. ಮನೆಯಲ್ಲಿ ತುಂಡು ತುಂಡಾಗಿ ಕೇಳಿದ್ದೆಲ್ಲ ಇಲ್ಲಿ ಒಂದಾಗಿ, ಬೀದಿಯಗಲ ತುಂಬಿಕೊಂಡು ಬಂತು. ಕ್ಲಾರಿನೆಟ್ ನಿಂತು, ಟ್ರಂಪೆಟ್ ಎತ್ತಿಕೊಂಡಾಗ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು, “ಯಾರ್ರೀ ಅದು, ಎಷ್ಟ್ ಚೆನ್ನಾಗಿ ನುಡಿಸ್ತಾರೆ,” ಎಂದಳು.

“ನಮ್ಮೆಜಮಾನ್ರು,” ಎಂದಳು ಸಬೀರಾ. “ಟ್ಯೂನೂ ಅವರದ್ದೇ. ಪಕ್ಕದಲ್ಲಿದಾರಲ್ಲ, ಅವರೂ ಸೇರಿ ಮಾಡಿದ್ದು.”

ತಾಜುದ್ದೀನ್ ಅವಳನ್ನು ನೋಡಲಿಲ್ಲ. ಮೆರವಣಿಗೆ ಮುಂದೆ ಸಾಗಿತು. ಸಬೀರಾ ಮೆಟ್ಟಿಲಿಳಿದು, ಜನರ ಜೊತೆ ಛತ್ರದ ಕಡೆಗೆ ನಡೆದಳು.